ಏಳನೆಯ ತಲೆಯ ಕಣ್ಣು

ಗೋಕಾಕದ ನಮ್ಮ ಮನೆಗೆ ಹೊಸದಾಗಿ ಬಂದವರು ಒಮ್ಮೆಯಾದರೂ ಕಟ್ಟಿಗೆಯ ಪೇರಲ ಹಣ್ಣಿಗೆ ಕೈ ಹಾಕಿ ಪೆಚ್ಚಾಗುತ್ತಿದ್ದರು. ಹತ್ತರಗಿಯಿಂದ ಬಂದ ನನ್ನ ಸೋದರಮಾವನಂತೂ ಅದನ್ನು ಕಚ್ಚಿಯೇ ಬಿಟ್ಟಿದ್ದ. ಹಲ್ಲಿನ ಗುರುತು ಬಿದ್ದ ಆ ಪೇರಲವನ್ನು ಅಪ್ಪ ಮಾರದೆ ಇಟ್ಟುಕೊಂಡು, ಅವ್ವ ತನ್ನ ತವರನ್ನು ಹೊಗಳಿಕೊಂಡಾಗಲೆಲ್ಲ ಹಲಗೆಯಿಂದ ಇಳಿಸಿ ಎಲ್ಲರಿಗೂ ತೋರಿಸುತ್ತಿದ್ದ. ಹೊಸ್ತಿಲು ದಾಟಿದರೆ ಮೊದಲು ಸಿಗುವುದೇ ಅಪ್ಪನ ಕೆಲಸದ ಕೋಣೆ. ಗೋಡೆಯುದ್ದದ ಹಲಗೆಗಳ ಮೇಲೆ ಮಾವು, ಸೀತಾಫಲ, ಬಾಳೆಹಣ್ಣು, ಗಿಳಿ, ಎತ್ತುಗಳೆಲ್ಲ ಬಣ್ಣ ಆರಲು ಕುಳಿತಿರುತ್ತಿದ್ದವು. ಅದರ ಹಿಂದೆ ನಡುಮನೆ, ನಡುಮನೆಯ ಹಿಂದೆ ಅಡುಗೆಮನೆ. ನಡುವೆ ಬಾಗಿಲುಗಳಿರಲಿಲ್ಲ. ಹುಣಸೆ ಬೀಜದ ಅಂಟು ಕುದಿಯುವ ವಾಸನೆಯೂ ರೊಟ್ಟಿ ಸುಡುವ ವಾಸನೆಯೂ ಒಂದರೊಳಗೊಂದು ಬೆರೆತು ಇಡೀ ಮನೆಗೆ ಒಂದೇ ವಾಸನೆಯಾಗಿತ್ತು. ಮದುವೆಯಾಗಿ ಬೇರೆ ಮನೆ ಸೇರಿದ ಮೊದಲ ತಿಂಗಳು ಅಲ್ಲಿನ ರೊಟ್ಟಿ ನನಗೆ ಸಪ್ಪೆ ಎನ್ನಿಸಿತ್ತು. ಅದಕ್ಕೆ ಕಾರಣ ಆ ಅಂಟಿನ ವಾಸನೆ ಇಲ್ಲದಿರುವುದು ಎಂದು ಹೊಳೆಯಲು ಬಹಳ ದಿನ ಬೇಕಾಯಿತು.

ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಕಣ್ಣು ಬರೆಯುವುದು. ಗೊಂಬೆ ಕೆತ್ತಿ, ಅರಿವೆ ಸುತ್ತಿ, ಅಂಟು ಬಳಿದು, ಉಜ್ಜಿ, ಬಣ್ಣ ಹಚ್ಚಿ, ಎಲ್ಲ ಮುಗಿದ ಮೇಲೆ ಕಡೆಗೆ ಕಣ್ಣು. ಅಲ್ಲಿಯತನಕ ಅದು ಬರೀ ಕಟ್ಟಿಗೆ. ಕಾಲಲ್ಲಿ ಒತ್ತಿ ಹಿಡಿದು ಉಳಿ ಹೊಡೆಯಬಹುದು, ಮೂಲೆಗೆ ಒಗೆಯಬಹುದು, ಬೈಯಬಹುದು. ಕಣ್ಣು ಬಂದ ಮೇಲೆ ಅದಕ್ಕೆ ಉಳಿ ತಾಗಿಸುವಂತಿಲ್ಲ, ಕೆರೆಯುವಂತಿಲ್ಲ, ತಿದ್ದುವಂತಿಲ್ಲ. ಕಣ್ಣು ತಪ್ಪಿದರೆ ತಪ್ಪಿದ್ದೇ. ಕಣ್ಣು ಬರೆಯುವ ದಿನ ಅಪ್ಪ ಬೆಳಗ್ಗೆ ಎದ್ದು ಜಳಕ ಮಾಡಿ, ಬಾಯಿಗೆ ಹನಿ ಚಹಾ ಕೂಡ ಹಾಕದೆ, ಬಿಸಿಲು ಕೋಣೆಗೆ ಬರುವುದನ್ನೇ ಕಾದು ಕುಂಚ ಹಿಡಿಯುತ್ತಿದ್ದ. ದೇವರ ಮೂರ್ತಿಗಳಿಗೆಂದು ಇದ್ದ ಈ ಕಟ್ಟಳೆ ನಮ್ಮ ಮನೆಯಲ್ಲಿ ಎತ್ತು, ಗಿಳಿಗಳಿಗೂ ಇಳಿದಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಇದಕ್ಕೆ ತನ್ನದೊಂದು ಸೇರಿಸಿದ್ದಳು. ನೋಡುವವರನ್ನು ಬಿಟ್ಟು ಉಣ್ಣಬಾರದು ಎಂದು, ಕಣ್ಣು ಬಂದ ಪ್ರತಿಯೊಂದು ಗೊಂಬೆಯ ಮುಂದೆಯೂ ಮಧ್ಯಾಹ್ನದ ಊಟಕ್ಕೆ ಮೊದಲು ರೊಟ್ಟಿ ಬೆಲ್ಲದ ಒಂದು ತುತ್ತು ಇಡುತ್ತಿದ್ದಳು. ಸಂಜೆಗೆ ಆ ತುತ್ತುಗಳೆಲ್ಲ ನನ್ನ ಪಾಲು. ಗಿರಾಕಿಗಳು ಗೊಂಬೆ ಒಯ್ಯಲು ತಡ ಮಾಡಿದಷ್ಟೂ ನನಗೆ ಲಾಭವಾಗುತ್ತಿತ್ತು.

ಅಂಟು ಅರೆಯುವುದು, ಉಜ್ಜುವುದು, ಬಿಳಿ ಬಳಿಯುವುದು ಹೆಂಗಸರ ಕೆಲಸ, ಕಣ್ಣು ಗಂಡಸರದು. ಹತ್ತು ವರ್ಷಕ್ಕೇ ನಾನು ಅಪ್ಪನಿಗಿಂತ ನುಣುಪಾಗಿ ಉಜ್ಜುತ್ತಿದ್ದೆ, ಮತ್ತು ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಕುಂಚ ಕಾದಿದ್ದದ್ದು ನನ್ನ ತಮ್ಮನಿಗಾಗಿ. ಅವನಿಗೆ ಆಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನನಗೇಕೆ ಇಲ್ಲ ಎಂದು ಕೇಳಿದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳುತ್ತಿದ್ದಳು:

“ನೀ ಕಲತರ ಆ ಕೈ ಗಂಡನ ಮನಿಗೆ ಹೋಗತೈತಿ. ಈ ಮನ್ಯಾಗ ಉಳಿಯೂ ಕೈಗೆ ಕಲಸಬೇಕು.”

ನನಗೆ ಆ ಕುಂಚ ಬೇಕಾಗಿತ್ತು. ಅಳಿಲಿನ ಬಾಲದ ಕೂದಲು ಕಟ್ಟಿದ, ಬೆರಳುದ್ದದ ಆ ಕುಂಚಕ್ಕಾಗಿ ನಾಲ್ಕು ವರ್ಷದ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ ಹಿಡಕಲ್ ಡ್ಯಾಮಿನ ಕಾಲನಿಯಿಂದ ಸಮುವೇಲ ಮಾಸ್ತರರು ಬಂದರು. ಕನ್ನಡ ಸಾಲೆಯ ಮಾಸ್ತರರು. ಭಾನುವಾರ ಕಾಲನಿಯ ಕ್ರೈಸ್ತ ಮಕ್ಕಳನ್ನು ಕೂಡಿಸಿಕೊಂಡು ಬೈಬಲಿನ ಕತೆ ಹೇಳುತ್ತಿದ್ದರು. ಬಸ್ಸಿನಿಂದಿಳಿದು ನೇರ ನಮ್ಮ ಮನೆಗೆ ಬಂದವರ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ದೊಡ್ಡ ಪುಸ್ತಕವೊಂದಿತ್ತು. ಅವರ ಅಜ್ಜ ಯಾವುದೋ ಪಾದ್ರಿಯ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದರಂತೆ. ಪಾದ್ರಿ ತನ್ನ ದೇಶಕ್ಕೆ ಮರಳುವಾಗ ಕೊಟ್ಟು ಹೋದದ್ದಂತೆ ಅದು.

“ಹುಡುಗರಿಗೆ ಲೋಕದ ಕಡೇ ದಿನದ ಕತಿ ಹೇಳತೇನ್ರಿ, ಕುಂತಲ್ಲೇ ಆಕಳಸತಾವ,” ಎಂದರು ಮಾಸ್ತರರು. “ಈ ಪುಸ್ತಕ ತೋರಿಸಿದ್ರ ಬರೇ ಗೀಟು ಕಾಣತಾವಂತ. ಕೈಯಾಗ ಹಿಡದ ನೋಡೂವಂಗ ಮಾಡಿ ಕೊಡ್ರಿ. ನಾಕ ಕುದುರಿ, ನಾಕ ಸವಾರರು, ಮತ್ತ ಈ ಏಳ ತಲೀ ಮೃಗ.”

ಅಪ್ಪ ಪುಸ್ತಕ ಬಿಚ್ಚಿದ. ನಾವೆಲ್ಲ ಸುತ್ತ ಬಾಗಿದೆವು. ಅಂಥ ಚಿತ್ರಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಣ್ಣವೇ ಇಲ್ಲ. ಕಪ್ಪು ಗೀಟುಗಳು, ಒಂದರ ಪಕ್ಕ ಒಂದು, ನೂರಾರು. ಒಂದು ಪುಟದಲ್ಲಿ ನಾಲ್ಕು ಕುದುರೆಗಳು ಜನರನ್ನು ತುಳಿಯುತ್ತ ಓಡುತ್ತಿದ್ದವು. ಒಬ್ಬ ಸವಾರನ ಕೈಯಲ್ಲಿ ಬಿಲ್ಲು, ಒಬ್ಬನ ಕೈಯಲ್ಲಿ ಕತ್ತಿ, ಒಬ್ಬನ ಕೈಯಲ್ಲಿ ತಕ್ಕಡಿ; ನಾಲ್ಕನೆಯವನು ಮೂಳೆ ಚಕ್ಕಳದ ಮುದುಕ, ಅವನ ಕುದುರೆಯೂ ಅಂಥದೇ. ಇನ್ನೊಂದು ಪುಟದಲ್ಲಿ ಆಕಾಶದಿಂದ ನಕ್ಷತ್ರಗಳು ಉದುರುತ್ತಿದ್ದವು. ಮತ್ತೊಂದರಲ್ಲಿ ಏಳು ಉದ್ದ ಕತ್ತಿನ ಮೃಗ, ಏಳಕ್ಕೂ ಬೇರೆ ಬೇರೆ ಮುಖ, ಅದರಲ್ಲಿ ಒಂದು ತಲೆ ಸೋತು ಬಾಗಿತ್ತು. ಅಪ್ಪ ಭೂತಗನ್ನಡಿ ತರಿಸಿ, ಮಾಸ್ತರರ ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ನೋಡಿದ.

“ಇದು ಪೆನ್ನಿಲೆ ಬರದದ್ದಲ್ರಿ ಮಾಸ್ತರ. ಕಟಗ್ಯಾಗ ಕೆತ್ತಿ, ಮಸಿ ಹಚ್ಚಿ ಒತ್ತಿದ್ದ ಐತಿ.”

“ಹೆಂಗ ಹೇಳತೀರಿ?”

“ಗೀಟು ಗೀಟು ಕೂಡೂವಲ್ಲಿ ನೋಡ್ರಿ. ಸಣ್ಣ ಸಣ್ಣ ಬಿಳೀ ಮೂಲಿ ಅದಾವ. ಅಲ್ಲಿ ಚಾಕು ತುದಿ ಇಟ್ಟ ಎಬ್ಬಿಸ್ಯಾನ. ಗೀಟಿನ ಆಚಿಗಿ ಈಚಿಗಿ ಕಟಗಿ ತಗದಾನ, ಗೀಟ ಉಳದೈತಿ. ನಮ್ಮ ಹಗೂರ ಕಟಗ್ಯಾಗ ಇದು ಆಗೂದಿಲ್ಲ, ಮುರದ ಬೀಳತೈತಿ. ಗಟ್ಟಿ ಕಟಗಿ ಹಿಡದಾನ, ಭಾಳ ಗಟ್ಟಿ ಮನಶ್ಯಾ.”

ಮಾಸ್ತರರು ಪುಸ್ತಕದ ಮೊದಲ ಪುಟಗಳ ಇಂಗ್ಲಿಷನ್ನು ಬೆರಳಿಟ್ಟು ಓದಿದರು. ಖರೆಯೇ ಇತ್ತು. ಐನೂರು ವರ್ಷಗಳ ಹಿಂದೆ ಜರ್ಮನಿಯ ಚಿತ್ರಕಾರನೊಬ್ಬ ಮರದ ಹಲಗೆಯ ಮೇಲೆ ಮಾಡಿಸಿದ ಅಚ್ಚುಗಳು ಅವು. ಆ ದಿನದಿಂದ ನಮ್ಮ ಮನೆಯಲ್ಲಿ ಅವನ ಹೆಸರು ಜರ್ಮನಿ ಕಾಕಾ ಎಂದಾಯಿತು. ಅಪ್ಪ ಊಟಕ್ಕೆ ಬರಲು ತಡಮಾಡಿದರೆ ಅವ್ವ ಒಳಗಿನಿಂದ ಕೂಗುತ್ತಿದ್ದಳು, “ನಿಮ್ಮ ಕಾಕಾನ್ನೂ ಕರಕೊಂಡ ಬರ್ರಿ, ಝುಣಕಾ ಆರಾಕತ್ತೈತಿ!” ಕೆಲಸ ಮುಗಿಯುವ ತನಕ ಪುಸ್ತಕ ನಮ್ಮಲ್ಲೇ ಇರಲೆಂದು ಮಾಸ್ತರರು ಬಿಟ್ಟು ಹೋದರು. ಈಗ ಮೊಮ್ಮಗಳ ಮೊಬೈಲಿನಲ್ಲಿ ಆ ಚಿತ್ರಗಳನ್ನು ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದು, ನೋಡುತ್ತಲೂ ಇರುತ್ತೇನೆ. ಆದರೆ ಆ ಹಾಳೆಯ ಮೇಲೆ ಗಾಜು ಹಿಡಿದು ಉಸಿರು ಬಿಗಿಹಿಡಿದ ಆನಂದ ಬೇರೆ.

ಅವ್ವನಿಗೆ ಮಾತ್ರ ಈ ಕೆಲಸ ಬೇಡವಾಗಿತ್ತು. ಲೋಕ ಮುಳುಗಿಸುವುದನ್ನೆಲ್ಲ ಉಣ್ಣುವ ಮನೆಯೊಳಗೆ ತಂದಿಡುತ್ತಾರೆಯೇ ಎಂದು ಎರಡು ದಿನ ಅಪ್ಪನೊಡನೆ ಜಗಳವಾಡಿದಳು. ಆಯಿ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಏಳ ಬಾಯಿ, ಹೊಟ್ಟಿ ಒಂದ. ಯಾವ ಬಾಯಿಗೆ ಮೊದಲ ಉಣಸಬೇಕ ಇದಕ್ಕ?” ಎಂದಳು. ಅವಳ ಚಿಂತೆ ಅಷ್ಟೇ. ಅಪ್ಪನ ಚಿಂತೆ ಹತ್ತು ಕೊಂಬಿನದು. ಬೈಬಲಿನ ಪ್ರಕಾರ ಏಳು ತಲೆಗೆ ಹತ್ತು ಕೊಂಬು, ಹಂಚುವುದು ಹೇಗೆ? ಜರ್ಮನಿ ಕಾಕಾನ ಚಿತ್ರದಲ್ಲಿ ಎಣಿಸಿ, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬರೆದು, ಕೊನೆಗೆ ಮೂರು ತಲೆಗೆ ಎರಡೆರಡು, ನಾಲ್ಕಕ್ಕೆ ಒಂದೊಂದು ಎಂದು ತೀರ್ಮಾನಿಸಿದ. ನಾಲ್ಕನೆಯ ಕುದುರೆಯ ಬಣ್ಣದ ಬಗ್ಗೆಯೂ ತಕರಾರಾಯಿತು. ಬಿಳಿ, ಕೆಂಪು, ಕಪ್ಪು ಕುದುರೆಗಳು ಸರಿ. ನಾಲ್ಕನೆಯದು ಬಣ್ಣಗೆಟ್ಟದ್ದು ಎಂದರೆ ಯಾವ ಡಬ್ಬಿಯಿಂದ ತೆಗೆಯಬೇಕು? ಬಿಳಿಗೆ ಹಸಿರಿನ ಒಂದು ಹನಿ, ಬೂದಿಯ ಒಂದು ಚಿಟಿಕೆ ಹಾಕಿ ಕಲಸಿ ತೋರಿಸಿದವಳು ನಾನು. ಅಪ್ಪ ಅದನ್ನೇ ಬಳಿದ.

ಮೃಗದ ಒಂದು ತಲೆಗೆ ಸಾಯುವಂಥ ಗಾಯವಾಗಿ, ಆಮೇಲೆ ಅದು ಮಾಯಿತು ಎಂದು ಮಾಸ್ತರರು ಓದಿ ಹೇಳಿದ್ದರು. ಗಾಯ ಬೇಕೇ ಬೇಕು ಎಂದೂ ಹೇಳಿದ್ದರು. ಬಾಗಿದ ತಲೆಯ ಹಣೆಯಿಂದ ದವಡೆಯವರೆಗೆ ಅಪ್ಪ ಉಳಿಯಿಂದ ಒಂದು ಸೀಳು ತೆಗೆದು, ಅಂಟು ತುಂಬಿ, ಕಲೆ ಎದ್ದು ಕಾಣುವಂತೆ ಬಿಟ್ಟ. ಆಗ ಅದು ಕಟ್ಟಿಗೆಯಾಗಿತ್ತು, ಕೈ ನಡೆಯಿತು. ಕಣ್ಣು ಬರೆಯುವ ದಿನ ಆರು ತಲೆ ಮುಗಿಸಿ ಗಾಯದ ಏಳನೆಯ ತಲೆಗೆ ಬಂದಾಗ ಮಾತ್ರ ಕುಂಚ ನಿಂತಿತು. ಭಿನ್ನವಾದ, ಒಡೆದ ಮುಖಕ್ಕೆ ನಮ್ಮಲ್ಲಿ ಕಣ್ಣು ಬರೆಯುವುದಿಲ್ಲ. ಕುಲಗೋಡದ ಗ್ರಾಮದೇವಿ ದ್ಯಾಮವ್ವನ ಮೂರ್ತಿಯ ಮೂಗು ಚಕ್ಕೆ ಎದ್ದಾಗ ಅದು ಮೊದಲಿನಂತಾಗುವ ತನಕ ಅಪ್ಪ ಬಣ್ಣದ ಡಬ್ಬಿಯನ್ನೇ ತೆರೆದಿರಲಿಲ್ಲ. ಕುಂಚ ತೊಳೆದಿಟ್ಟು, ಏಳನೆಯ ತಲೆಯ ಮೇಲೆ ಅರಿವೆ ಹಾಕಿ ಎದ್ದುಬಿಟ್ಟ. ಮಧ್ಯಾಹ್ನ ಆಯಿ ಮೃಗದ ಮುಂದೆ ಆರು ತುತ್ತು ಇಟ್ಟಳು.

“ಅಪ್ಪಾ, ಗಾಯ ಮಾದೈತಂತ ಮಾಸ್ತರ ಓದಿದ್ರಲ್ಲ,” ಎಂದೆ ನಾನು ಊಟಕ್ಕೆ ಕುಳಿತಾಗ. “ಮಾದಮ್ಯಾಲ ಅದು ಭಿನ್ನ ಹೆಂಗ ಆತು?”

“ಗಾಯದ ಕಲಿ ಐತಿಲ್ಲ?”

“ಕಲಿ ಇದ್ದವರಿಗೆ ಕಣ್ಣ ಇರೂದಿಲ್ಲೇನ?”

“ಬಾಯಿ ಮುಚಗೊಂಡ ಉಣ್ಣ ಕಸ್ತೂರಿ,” ಎಂದಳು ಅವ್ವ.

ಆಗ ನನಗೆ ಇನ್ನೊಂದು ಸಂಗತಿ ಕಂಡಿತ್ತು. ಹೇಳುವ ಧೈರ್ಯ ಬಂದಿರಲಿಲ್ಲ. ಅಪ್ಪ ಬರೆದ ಆರು ಜೊತೆ ಕಣ್ಣುಗಳೂ ದ್ಯಾಮವ್ವನ ಕಣ್ಣುಗಳಾಗಿದ್ದವು. ಕಿವಿಯತ್ತ ಎಳೆದ ದೊಡ್ಡ ಕಣ್ಣು, ನಡುವೆ ನೆಟ್ಟ ಗುಡ್ಡೆ, ಮೇಲೆ ತುಂಬಿದ ಹುಬ್ಬು. ಮೂವತ್ತು ವರ್ಷ ದೇವಿಯರಿಗೆ ಬರೆದ ಕೈಗೆ ಬೇರೆ ಕಣ್ಣು ಗೊತ್ತಿರಲಿಲ್ಲ. ಹಲ್ಲು ಕಿರಿದು ಲೋಕ ನುಂಗಲು ಹೊರಟ ಮೃಗ ಆರು ಕಡೆಯಿಂದ ನನ್ನನ್ನು ನೋಡುತ್ತಿದ್ದ ಬಗೆ, ಉಂಡೆಯೇನವ್ವ ಎಂದು ಕೇಳುವಂತಿತ್ತು. ಪುಸ್ತಕ ತೆಗೆದು ಗಾಜು ಹಿಡಿದು ನೋಡಿದೆ. ಜರ್ಮನಿ ಕಾಕಾ ಆ ಬಾಗಿದ ತಲೆಯ ಕಣ್ಣನ್ನು ಪೂರ್ತಿ ಬರೆದೇ ಇರಲಿಲ್ಲ. ಮೇಲಿನ ರೆಪ್ಪೆಗೆ ಒಂದು ದಪ್ಪ ಗೀಟು, ಅದರ ಕೆಳಗೆ ಮೂಲೆಗೆ ಸರಿದ ಅರ್ಧ ಗುಡ್ಡೆ, ಕೆಳಗಿನ ರೆಪ್ಪೆಯ ಜಾಗದಲ್ಲಿ ಮೂರು ಸಣ್ಣ ಗೀಟು, ಅಷ್ಟೇ. ಅಷ್ಟರಲ್ಲೇ ಅದು ಪಕ್ಕಕ್ಕೆ ಹೊರಳಿ ನೋಡುತ್ತಿತ್ತು, ಯಾರನ್ನೂ ನಂಬದೆ. ಒಮ್ಮೆ ಪೆಟ್ಟು ತಿಂದು ಎದ್ದದ್ದು ಹಾಗೆಯೇ ನೋಡೀತು ಎಂದು ನನಗೆ ಖಾತ್ರಿಯಾಯಿತು. ಬಿರುಕು ಬಿಟ್ಟಿದ್ದ ಒಂದು ಕಟ್ಟಿಗೆಯ ಮಾವಿನ ಹಣ್ಣಿನ ಮೇಲೆ, ಹಿತ್ತಲಿನಲ್ಲಿ ಕುಳಿತು, ಬೇವಿನ ಕಡ್ಡಿಯ ತುದಿ ಜಜ್ಜಿ ಮಸಿಯಲ್ಲಿ ಅದ್ದಿ, ಆ ಕಣ್ಣನ್ನು ಬರೆದೆ. ಒರೆಸಿದೆ. ಮತ್ತೆ ಬರೆದೆ. ಹತ್ತು ದಿನ ಅದೇ ಕೆಲಸ ಮಾಡಿದೆ.

ಹನ್ನೊಂದನೆಯ ದಿನ ಅಪ್ಪ ಬಣ್ಣದ ಕೆಲಸಕ್ಕೆಂದು ಕುಲಗೋಡಕ್ಕೆ ಹೋದ. ಅವ್ವ ತಮ್ಮನನ್ನು ಕರೆದುಕೊಂಡು ಸಂತೆಗೆ ಹೋದಳು. ನಾನು ಅವತ್ತು ನಸುಕಿನಲ್ಲೇ ಜಳಕ ಮಾಡಿದ್ದೆ. ಚಹಾ ಬೇಡ ಎಂದೆ, ರೊಟ್ಟಿಯೂ ಬೇಡ ಎಂದೆ. ಆಯಿ ನನ್ನ ಮುಖ ನೋಡಿದಳು, ಒದ್ದೆ ಕೂದಲು ನೋಡಿದಳು, ನನ್ನ ಪಾಲಿನ ರೊಟ್ಟಿ ಮುಚ್ಚಿಟ್ಟಳು. ಬಿಸಿಲು ಕೋಣೆಯೊಳಗೆ ಬಂದಾಗ ಅಪ್ಪನ ಕುಂಚ ಕೈಗೆತ್ತಿಕೊಂಡೆ. ಹೆದರಿಕೆಯಾಗಿತ್ತು ಎಂದು ಬರೆದರೆ ಈ ಕತೆಗೆ ಶೋಭೆ, ಆದರೆ ಸುಳ್ಳಾಗುತ್ತದೆ. ಅರಿವೆ ಎತ್ತಿ ಆ ತಲೆಯನ್ನು ನೋಡಿದ ಮೇಲೆ ನನ್ನಲ್ಲಿ ಸಂಶಯವೇ ಉಳಿಯಲಿಲ್ಲ. ಎಡಗಣ್ಣು, ಬಲಗಣ್ಣು. ಮಸಿ ಆರುವ ತನಕ ಹಾಗೆಯೇ ಕುಳಿತಿದ್ದು, ಕುಂಚ ತೊಳೆದು ಇದ್ದಲ್ಲೇ ಇಟ್ಟೆ, ಅರಿವೆಯನ್ನು ಮತ್ತೆ ಹಾಕಿದೆ.

ಸಿಕ್ಕಿಬಿದ್ದದ್ದು ಆಯಿಯಿಂದ. ಮಧ್ಯಾಹ್ನ ಅಪ್ಪ ಕುಲಗೋಡದ ಬಸ್ಸಿಳಿದು ಮನೆಗೆ ಬಂದು, ಕಾಲು ತೊಳೆದು ಒಳಗೆ ಬರುವಾಗ ಕೆಲಸದ ಕೋಣೆಯಲ್ಲಿ ನಿಂತುಬಿಟ್ಟ. ಮೃಗದ ಮುಂದೆ ಏಳು ತುತ್ತುಗಳಿದ್ದವು. ಅಪ್ಪ ಮತ್ತೊಮ್ಮೆ ಎಣಿಸಿದ. ಆಮೇಲೆ ಅರಿವೆ ತೆಗೆದ.

“ಯಾರ ಬರದಾರ?”

“ನಾ,” ಎಂದೆ.

ಆ ಮಧ್ಯಾಹ್ನ ಸಂತೆಯಿಂದ ಮರಳಿದ ಅವ್ವ ಆಡಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. “ಹೆಣ್ಣಹುಡಗಿ ಕಣ್ಣ ಬರದಾಳಂತ ಸುದ್ದಿ ಆದ್ರ ಕುಲಗೋಡದವ್ರು ಈ ಮನಿಗೆ ದ್ಯಾಮವ್ವನ್ನ ಒಪ್ಪಸತಾರೇನ? ಮೂಡಲಗಿಯವ್ರು ದೇವ್ರಿಗೆ ಬಣ್ಣಾ ಹಚ್ಚಾಕ ಕರೀತಾರೇನ? ಕೆರದ ಬಿಡ್ರಿ ಅದನ್ನ!” ಎಂದಳು. ಕೆರೆಯುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಕಣ್ಣು ಬಂದ ಮೇಲೆ ಬಂದದ್ದೇ. ಆಯಿಯತ್ತ ತಿರುಗಿ, “ನೀವರೆ ಬ್ಯಾಡನ್ನಬೇಕಿಲ್ಲೇನ್ರಿ ಅತ್ತಿ?” ಎಂದು ಕೇಳಿದಳು. ಆಯಿ ಕಿವಿ ಕೇಳದವರಂತೆ ರೊಟ್ಟಿ ಮುರಿಯುತ್ತ ಕುಳಿತಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕ ತೆರೆದು, ಗಾಜು ಹಿಡಿದು, ಒಮ್ಮೆ ಚಿತ್ರವನ್ನು, ಒಮ್ಮೆ ಏಳನೆಯ ತಲೆಯನ್ನು, ಒಮ್ಮೆ ತನ್ನ ಆರು ತಲೆಗಳನ್ನು ನೋಡಿದ. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಆ ಮೂರು ದಿನ ನನಗೆ ನಿಜಕ್ಕೂ ಕಷ್ಟವಾಯಿತು. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಶನಿವಾರ ಮಾಸ್ತರರು ಮರುದಿನದ ಕತೆಗೆಂದು ಮೃಗವನ್ನೂ ಪುಸ್ತಕವನ್ನೂ ಒಯ್ಯಲು ಬಂದರು. ಕುದುರೆಗಳಿಗೆ, ಸವಾರರಿಗೆ ಬಣ್ಣವಾಗಿತ್ತು, ಕಣ್ಣು ಬಾಕಿ ಇತ್ತು. ಅಪ್ಪ ಮೃಗವನ್ನು ಹೊರಗಿನ ಬೆಳಕಿಗೆ ತಂದಿಟ್ಟ. ಮಾಸ್ತರರು ತಲೆಯಿಂದ ತಲೆಗೆ ಹೋಗುತ್ತ ಮೊದಲು ಮುಗುಳ್ನಕ್ಕರು, ಆಮೇಲೆ ಜೋರಾಗಿಯೇ ನಕ್ಕರು.

“ಸಿಟ್ಟಿಗೇಳಬ್ಯಾಡ್ರಿ. ಇವು ಲೋಕ ಹಾಳ ಮಾಡೂ ಕಣ್ಣಲ್ರಿ. ನನ್ನ ಹುಡುಗರನ್ನ ತೊಡೀ ಮ್ಯಾಲ ಹಾಕ್ಕೊಂಡ ಮಲಗಸತಾವ ಇವು.”

ಅಪ್ಪನ ಮುಖ ಸಣ್ಣದಾಯಿತು. ಅಪ್ಪನ ಕೆಲಸಕ್ಕೆ ಯಾರಾದರೂ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಾಸ್ತರರು ಬಾಗಿ ಏಳನೆಯ ತಲೆ ನೋಡಿದರು. ನಗು ನಿಂತಿತು. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದರು.

“ಇದು ಖರೆ ಆ ಮೃಗ,” ಎಂದರು. “ಇಂಥಾದ್ದ ಬರಿಯೂವ್ರು ಆ ಆರಕ್ಕ ಯಾಕ ಹಂಗ ಬರದ್ರಿ?”

“ಅವತ್ತ ಅವ್ರಿಗೆ ಜ್ವರಾ ಬಂದಿತ್ರಿ,” ಎಂದಳು ಅವ್ವ ನಡುಮನೆಯಿಂದ ಲಗುಬಗೆಯಲ್ಲಿ. “ಜ್ವರಾ ಬಿಟ್ಟಮ್ಯಾಲ ಏಳನೇದ್ದು ಬರದಾರ.”

ಒಳ್ಳೆಯ ಸುಳ್ಳು. ಎಲ್ಲರಿಗೂ ಒಗ್ಗುವಂಥದು. ಅಪ್ಪ ಹೂಂ ಎಂದಿದ್ದರೆ ಸಾಕಿತ್ತು, ಕುಲಗೋಡದ ದ್ಯಾಮವ್ವ, ಮೂಡಲಗಿಯ ಕೆಲಸ, ಊರಲ್ಲಿಯ ಹೆಸರು ಎಲ್ಲ ಇದ್ದಂತೆಯೇ ಇರುತ್ತಿದ್ದವು. ನಾನೂ ಮತ್ತೆ ಅಂಟು ಅರೆಯಲು ಹೋಗುತ್ತಿದ್ದೆ. ನಾನು ನೆಲ ನೋಡುತ್ತ ನಿಂತಿದ್ದೆ.

“ಜ್ವರಾ ಇರಲಿಲ್ರಿ,” ಎಂದ ಅಪ್ಪ. “ಆರು ನನ್ನೂವು. ಏಳನೇದ್ದು ನನ್ನ ಮಗಳು ಬರದಾಳ. ನನಗ ಅಂಥಾ ಕಣ್ಣ ಬರೂದಿಲ್ಲ.”

ನನ್ನ ಅಪ್ಪ ಯಾರ ಮುಂದೆಯೂ ತನಗೆ ಬರುವುದಿಲ್ಲ ಎಂದು ಹೇಳಿದ್ದು ಅದೊಂದೇ ಸಲ. ಅದನ್ನು ಹೇಳುವಾಗ ಅವನ ದನಿ ಇಳಿಯಲಿಲ್ಲ, ಬೆನ್ನು ಬಾಗಲಿಲ್ಲ. ನನಗೆ ಅಳು ಬಂದಿತು, ಅತ್ತುಬಿಟ್ಟೆ. ಮಾಸ್ತರರು ಟವೆಲ್ಲು ಹಾಸಿ, ಅದರ ಮೇಲೆ ಪುಸ್ತಕವಿಟ್ಟು ಸುತ್ತಲು ಶುರು ಮಾಡಿದ್ದವರು ಕೈ ನಿಲ್ಲಿಸಿದರು.

“ಹಂಗಾರ ಈ ಕುದುರಿಗೆ, ಸವಾರರಿಗೆ ಯಾರ ಬರೀತಾರ್ರಿ?”

“ಅಕೀನ್ನ ಕೇಳ್ರಿ.”

ಮಾಸ್ತರರು ನನ್ನತ್ತ ತಿರುಗಿದರು. ಅವ್ವ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ.

“ಬರದ ಕೊಡತೀಯೇನವಾ?”

ನಾನು ಲಂಗದಿಂದ ಮುಖ ಒರೆಸಿಕೊಂಡೆ.

“ಬರೀತೇನ್ರಿ,” ಎಂದೆ. “ಆದ್ರ ಪುಸ್ತಕ ಒಯ್ಯಬ್ಯಾಡ್ರಿ.”

ಮಾಸ್ತರರು ಟವೆಲ್ಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲೆತ್ತಿ ನನ್ನ ಕೈಗೆ ಕೊಟ್ಟರು.